ಕೀಲಿ ತಿರುಗಿಸಿದಾಗ ಏನು ಕೇಳಿಸಿತು?

ಯುಗಾದಿ ಕಳೆದು ಎರಡು ವಾರವಾದರೆ ಒಹಾಯೊದಲ್ಲಿ ಹುಲ್ಲು ಎದ್ದು ಕೂರುತ್ತದೆ. ಚಳಿಗಾಲವಿಡೀ ಹಳೆಯ ಚಾಪೆಯಂತೆ ಬಿದ್ದಿದ್ದದ್ದು ಎರಡು ಮಳೆ, ನಾಲ್ಕು ಬಿಸಿಲು ಕಂಡರೆ ಸಾಕು, ವಾರದೊಳಗೆ ಪಾದ ಮುಚ್ಚುವಷ್ಟಾಗುತ್ತದೆ. ನಮ್ಮದು ಊರಂಚಿನಲ್ಲಿ ಒಂದೂಕಾಲು ಎಕರೆ. ಶಿರಸಿಯಲ್ಲಾಗಿದ್ದರೆ ಇಷ್ಟು ಜಾಗದಲ್ಲಿ ಅಡಿಕೆ, ಅದಕ್ಕೆ ಹಬ್ಬಿಸಿದ ಕಾಳುಮೆಣಸು, ನಡುನಡುವೆ ಬಾಳೆ ಇರುತ್ತಿತ್ತು. ಇಲ್ಲಿ ಹುಲ್ಲು ಬೆಳೆಸುವುದು, ಬೆಳೆದ ತಪ್ಪಿಗೆ ಅದನ್ನು ಕತ್ತರಿಸುವುದು. ಹಾಗೆಯೇ ಬಿಟ್ಟುಬಿಡೋಣ ಎನ್ನುವಂತೆಯೂ ಇಲ್ಲ; ಎಂಟು ಇಂಚು ದಾಟಿದರೆ ಊರಿನ ಕಚೇರಿಯಿಂದ ಕಾಗದ ಬರುತ್ತದೆ. ನನ್ನ ಗಂಡನಿಗೆ ಹುಲ್ಲಿನ ಪರಾಗ ತಾಗಿದರೆ ಕಣ್ಣು ಊದಿಕೊಳ್ಳುತ್ತದೆ. ಹಾಗಾಗಿ ಈ ಮನೆಯಲ್ಲಿ ಮೋವರ್, ಅಂದರೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂರುವವಳು ನಾನು, ಅದು ಕೆಟ್ಟರೆ ಪಕ್ಕದಲ್ಲಿ ಮಂಡಿಯೂರುವವಳೂ ನಾನೇ.

ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಯಂತ್ರ. ಒಂದೇ ಸಿಲಿಂಡರು, 42 ಇಂಚು ಅಗಲ ಕತ್ತರಿಸುತ್ತದೆ. ಕೊಂಡ ಮರುವರ್ಷದ ಏಪ್ರಿಲ್‌ನಲ್ಲಿ ಕೀಲಿ ತಿರುಗಿಸಿದರೆ ‘ಊಂ’ ಎಂದು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಬ್ಯಾಟರಿ ಹೋಗಿದೆ ಎಂದುಕೊಂಡು 60 ಡಾಲರಿಗೆ ಹೊಸದು ತಂದೆ. ಮತ್ತೆ ಅದೇ ‘ಊಂ’. ಹಾಗಾದರೆ ಸ್ಟಾರ್ಟರ್ ಮೋಟಾರ್, ನಮ್ಮೂರಿನವರು ಸೆಲ್ಫ್ ಎನ್ನುವುದು, ಅದೇ ಕೆಟ್ಟಿರಬೇಕೆಂದು 90 ಡಾಲರ್ ಕೊಟ್ಟು ಅದನ್ನೂ ಬದಲಾಯಿಸಿದೆ. ಮತ್ತೆ ಅದೇ. ರಾತ್ರಿ ಶಿರಸಿಯಲ್ಲಿರುವ ತಮ್ಮನಿಗೆ ವಿಡಿಯೋ ಕರೆ ಮಾಡಿದೆ. ಅವನ ಮನೆಯಲ್ಲಿ ಪವರ್ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಎಲ್ಲವೂ ಇವೆ. ಎಲ್ಲವೂ ಸರದಿಯಂತೆ ಕೆಡುತ್ತವೆ. ನಾನು ಬ್ಯಾಟರಿ ತೋರಿಸಲು ಹೊರಟರೆ ಅವನು ತಡೆದ.

“ಅಕ್ಕ, ತೋರಿಸುವುದು ಬೇಡ. ಫೋನನ್ನು ಎಂಜಿನ್ ಹತ್ತಿರ ಹಿಡಿದು ಕೀಲಿ ತಿರುಗಿಸು.”

ಮೂರು ಸಲ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ: “ಟ್ಯಾಪೆಟ್ ನೋಡಿದ್ದೀಯಾ?”

ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಣ್ಣ ಸಂದು. ಅದನ್ನು ಅಳೆಯಲು ತೆಳು ಲೋಹದ ಎಲೆಗಳ ಕಟ್ಟು, ಎಂಟು ಡಾಲರಿನ ಫೀಲರ್ ಗೇಜ್, ತಂದು ನೋಡಿದೆ. ದೋಷ ಅಲ್ಲೇ ಇತ್ತು. ತೆಗೆದಿಟ್ಟ ಹಳೆಯ ಸೆಲ್ಫ್ ಇಂದಿಗೂ ಗ್ಯಾರೇಜಿನ ಕಪಾಟಿನಲ್ಲಿದೆ. ಅದಕ್ಕೆ ಏನೂ ಆಗಿಲ್ಲ. ನಾನು ಆಸ್ಪತ್ರೆಯ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಲ್ಲಿ ಅಳೆಯದೆ ಒಂದು ಅಂಕಿಯನ್ನೂ ಬರೆಯುವುದಿಲ್ಲ. ಮನೆಯಲ್ಲಿ ಮಾತ್ರ ಅಳೆಯದೆ 150 ಡಾಲರ್ ಚೆಲ್ಲಿದೆ. ಆ ನಾಚಿಕೆಯಿಂದ ಒಂದು ನೋಟ್‌ಪುಸ್ತಕ ಇಟ್ಟೆ. ಪ್ರತಿ ಸಲ ಮೋವರ್ ಹಟ ಹಿಡಿದಾಗ ಮೊದಲು ಏನು ಕೇಳಿಸಿತು, ಮೀಟರ್ ಏನು ತೋರಿಸಿತು, ಕೊನೆಗೆ ದೋಷ ಎಲ್ಲಿತ್ತು ಎಂದು ಬರೆಯುತ್ತೇನೆ. ಕೆಳಗಿರುವುದು ಆ ಪುಸ್ತಕದ ಸಾರ. ನಿಮ್ಮ ಯಂತ್ರ ಬೇರೆ ಕಂಪನಿಯದಿದ್ದರೂ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಇದೇ.

ಬಿಚ್ಚುವ ಮೊದಲು

ಸೀಟಿನ ಮೇಲೆ ಸರಿಯಾಗಿ ಕುಳಿತುಕೊಳ್ಳಿ. ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿ. ಬ್ಲೇಡ್ ತಿರುಗಿಸುವ ಗುಂಡಿ ಅಥವಾ ಸನ್ನೆ ಬಂದ್ ಆಗಿದೆಯೇ ನೋಡಿ. ಇದು ಮಕ್ಕಳಿಗೆ ಹೇಳುವ ಮಾತಿನಂತೆ ಕೇಳಿಸಬಹುದು, ಆದರೆ ನನ್ನ ಪುಸ್ತಕದಲ್ಲಿ ಎರಡು ಸಲ ‘ದೋಷ: ಬ್ಲೇಡ್ ಗುಂಡಿ ಮೇಲೆದ್ದಿತ್ತು’ ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ. ಸೀಟಿನ ಕೆಳಗೊಂದು, ಬ್ರೇಕಿನ ಬಳಿ ಒಂದು, ಬ್ಲೇಡಿಗೊಂದು ಸ್ವಿಚ್ ಇರುತ್ತದೆ. ಸವಾರ ಬಿದ್ದರೆ ಬ್ಲೇಡು ಅವನ ಮೇಲೆ ಹರಿಯಬಾರದು ಎಂದು ಮಾಡಿದ ಏರ್ಪಾಡು. ಬ್ರೇಕ್ ಮತ್ತು ಬ್ಲೇಡಿನ ಸ್ವಿಚ್ಚುಗಳು ಒಪ್ಪದಿದ್ದರೆ ಸೆಲ್ಫ್‌ಗೆ ಕರೆಂಟೇ ಹೋಗುವುದಿಲ್ಲ. ಸೀಟಿನ ಸ್ವಿಚ್ ಒಪ್ಪದಿದ್ದರೆ ಬಹಳ ಯಂತ್ರಗಳಲ್ಲಿ ಎಂಜಿನ್ ತಿರುಗುತ್ತದೆ, ಕಿಡಿ ಬರುವುದಿಲ್ಲ.

ನಮ್ಮವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ: ತಳ್ಳಿ ಸ್ಟಾರ್ಟ್ ಮಾಡುವುದು. ಹಳೆಯ ಸ್ಕೂಟರನ್ನು ಇಳಿಜಾರಿನಲ್ಲಿ ಓಡಿಸಿ ಗೇರಿಗೆ ಹಾಕಿದ ನೆನಪು ಎಲ್ಲರಿಗೂ ಇದೆ. ಈಗಿನ ಬಹುಪಾಲು ಸವಾರಿ ಮೋವರ್‌ಗಳಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು ಎಣ್ಣೆಯ ಒತ್ತಡದ ಮೂಲಕ, ಹೈಡ್ರೋಸ್ಟಾಟಿಕ್ ಎನ್ನುತ್ತಾರೆ. ಚಕ್ರ ಉರುಳಿಸಿದರೆ ಎಂಜಿನ್ ತಿರುಗುವುದಿಲ್ಲ. ಹಿಂಭಾಗದಲ್ಲಿರುವ ಬಿಡುಗಡೆಯ ಸಲಾಕೆಯನ್ನು ಎಳೆದರೆ ಯಂತ್ರವನ್ನು ಕೈಯಿಂದ ತಳ್ಳಬಹುದು, ಅಷ್ಟೇ. ಆ ಸಲಾಕೆ ಬೇರೊಂದು ಕೆಲಸಕ್ಕೆ ಬೇಕು: ಪೆಟ್ರೋಲಿನ ಕಡೆ ಕೈ ಹಾಕುವ ಮುನ್ನ ಯಂತ್ರವನ್ನು ಗ್ಯಾರೇಜಿನಿಂದ ಹೊರಗೆ ತನ್ನಿ. ಇಲ್ಲಿನ ಎಷ್ಟೋ ಗ್ಯಾರೇಜುಗಳ ಮೂಲೆಯಲ್ಲಿ ಅನಿಲದಿಂದ ನೀರು ಕಾಯಿಸುವ ಹಂಡೆ ಇರುತ್ತದೆ, ಅದರ ಅಡಿಯಲ್ಲಿ ಪುಟ್ಟ ಜ್ವಾಲೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತೆವಳುತ್ತದೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಈಗ ಕೀಲಿ ತಿರುಗಿಸಿ, ಕಿವಿ ಕೊಡಿ. ನಾಲ್ಕರಲ್ಲಿ ಒಂದು ಕೇಳಿಸುತ್ತದೆ: ಏನೂ ಇಲ್ಲ; ‘ಟಕ್’ ಅಥವಾ ‘ಟಕಟಕಟಕ’; ಅರ್ಧ ತಿರುಗಿ ನಿಲ್ಲುವ ‘ಊಂ’; ಇಲ್ಲವೇ ಚೆನ್ನಾಗಿ ತಿರುಗುತ್ತಲೇ ಇದ್ದು ಹತ್ತದಿರುವುದು. ಮೊದಲ ಎರಡರಲ್ಲಿ ಪೆಟ್ರೋಲು, ಕಾರ್ಬೊರೇಟರು, ಪ್ಲಗ್ಗುಗಳ ಸುದ್ದಿಗೇ ಹೋಗಬೇಡಿ; ಮೂರನೆಯದರಲ್ಲೂ, ಮುಂದೆ ಹೇಳುವ ಒಂದು ಸಂದರ್ಭ ಬಿಟ್ಟರೆ, ಬೇಡ. ನಾಲ್ಕನೆಯದರಲ್ಲಿ ಬ್ಯಾಟರಿಯ ಸುದ್ದಿಗೆ ಹೋಗಬೇಡಿ. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಅಂಗಡಿ ಉಳಿತಾಯವಾಗುತ್ತದೆ.

ಟಕ್, ಟಕಟಕ, ಮೌನ

ಹದಿನೈದು ಡಾಲರಿನ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟಿಗೆ ಇಟ್ಟು ಕೆಂಪು ಮುಳ್ಳನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. 12.6 ಅಥವಾ ಮೇಲೆ ಇದ್ದರೆ ಹೊಟ್ಟೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ; ‘ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಂಡವರಲ್ಲಿ ನಾನೂ ಒಬ್ಬಳು. ಒಂದು ರಾತ್ರಿ ಸಣ್ಣ ಚಾರ್ಜರಿಗೆ ಹಾಕಿ, ಬೆಳಿಗ್ಗೆ ಚಾರ್ಜರ್ ತೆಗೆದು ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಆಮೇಲೆ ಮನೆಯವರೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ, ನೀವು ಮೀಟರ್ ನೋಡಿ. ತಿರುಗಿಸುವಾಗ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ. 12.6ರಲ್ಲೇ ಕದಲದೆ ನಿಂತರೆ ಬ್ಯಾಟರಿಯಿಂದ ಕರೆಂಟ್ ಹೊರಗೇ ಹೋಗುತ್ತಿಲ್ಲ ಎಂದರ್ಥ, ಬ್ಯಾಟರಿ ನಿರ್ದೋಷಿ.

ಟಕಟಕ ಎಂದು ಹಲ್ಲಿ ಲೊಚಗುಟ್ಟುವಂತೆ ಒಂದೇ ಸಮನೆ ಬಂದರೆ ಬಹುಮಟ್ಟಿಗೆ ಬ್ಯಾಟರಿ ಸೋತಿದೆ ಅಥವಾ ತುದಿಯ ಕೂಡಿಕೆಗಳಲ್ಲಿ ಬಿಳಿ-ಹಸಿರು ಬೂಷ್ಟು ಕಟ್ಟಿದೆ. ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಜೋಡಿಸುವಾಗ ಪ್ಲಸ್ ಮೊದಲು. ಈ ಕ್ರಮ ಶಾಸ್ತ್ರಕ್ಕಲ್ಲ: ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿದರೆ ಕಿಡಿಯ ಮಳೆಯೇ ಆಗುತ್ತದೆ. ಅಡುಗೆ ಸೋಡಾ ಕಲಸಿದ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಆಮೇಲೆ ಎಮರಿ ಕಾಗದ. ಲೋಹ ಹೊಳೆಯುವವರೆಗೆ ಉಜ್ಜಿ.

ಇನ್ನು ಅರ್ತ್. ಬ್ಯಾಟರಿಯ ಮೈನಸ್‌ನಿಂದ ಹೊರಟ ಕಪ್ಪು ವೈರು ಚಾಸಿಸ್ಸಿನ ಎಲ್ಲೋ ಒಂದು ಬೋಲ್ಟಿಗೆ ಕಚ್ಚಿಕೊಂಡಿರುತ್ತದೆ. ಒದ್ದೆ ಹುಲ್ಲಿನ ಚೂರು ಅಲ್ಲೇ ಸೇರಿ ಕೊಳೆತು ತುಕ್ಕು ಹಿಡಿಯುತ್ತದೆ. ನನ್ನ ಪುಸ್ತಕದ ನಾಲ್ಕನೇ ಪುಟ ಇದರದೇ: ಬ್ಯಾಟರಿ 12.7, ಕೀಲಿ ತಿರುಗಿಸಿದರೆ ಒಂದು ಟಕ್, ಆಮೇಲೆ ಮೌನ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದೆ. ಎರಡೂ ಒಂದೇ ವೈರಿನ ಎರಡು ತುದಿಗಳಂತೆ; ನಡುವೆ ವೋಲ್ಟೇಜ್ ಕಾಣಬಾರದು. ಗಂಡ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೀಲಿ ತಿರುಗಿಸಿದರು. ಮೀಟರಿನಲ್ಲಿ 4.1 ಎದ್ದಿತು. ಕಾಲು ವೋಲ್ಟ್ ಇದ್ದರೆ ಕ್ಷಮಿಸಬಹುದು. ನಾಲ್ಕು ವೋಲ್ಟ್ ಆ ಬೋಲ್ಟಿನ ತುಕ್ಕಿನಲ್ಲೇ ಕರಗಿ ಹೋಗುತ್ತಿತ್ತು. ಬಿಚ್ಚಿದೆ, ಉಜ್ಜಿದೆ, ಬಿಗಿದೆ. ಖರ್ಚು ಒಂದು ತುಂಡು ಎಮರಿ ಕಾಗದ. ಇದೇ ಪರೀಕ್ಷೆಯನ್ನು ಪ್ಲಸ್ ಕಡೆಗೂ ಮಾಡಬಹುದು: ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್‌ನ ತುದಿಯವರೆಗೆ, ಕೀಲಿ ತಿರುಗಿಸಿ ಹಿಡಿದಿರುವಾಗ.

ಬ್ಯಾಟರಿಗೂ ಸೆಲ್ಫ್‌ಗೂ ನಡುವೆ ಇರುವುದು ಸಾಲೆನಾಯ್ಡ್, ದಪ್ಪ ವೈರುಗಳೆರಡು ಬಂದು ಸೇರುವ ಪುಟ್ಟ ಡಬ್ಬಿ. ದೊಡ್ಡ ಬೋಲ್ಟು ಎರಡು, ಸಣ್ಣ ತಂತಿ ಒಂದೋ ಎರಡೋ. ಕೀಲಿ ತಿರುಗಿಸಿದಾಗ ಸಣ್ಣ ತಂತಿಗೆ 12 ವೋಲ್ಟ್ ಬರಬೇಕು. ಬರುತ್ತಿದೆ, ಅರ್ತ್ ಸರಿಯಿದೆ, ಆದರೂ ಟಕ್ ಇಲ್ಲವೆಂದರೆ ಸಾಲೆನಾಯ್ಡ್ ಸತ್ತಿದೆ. ಟಕ್ ಎನ್ನುತ್ತದೆ, ಆದರೆ ಸೆಲ್ಫ್ ಕಡೆಯ ದೊಡ್ಡ ಬೋಲ್ಟಿಗೆ ವೋಲ್ಟ್ ದಾಟುವುದಿಲ್ಲ ಎಂದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ, ಆಗಲೂ ಬದಲಾಯಿಸಿ. ಸಣ್ಣ ತಂತಿಗೇ ಏನೂ ಬರುತ್ತಿಲ್ಲವೇ? ಹಾಗಿದ್ದರೆ ಡಬ್ಬಿ ಬಿಟ್ಟು ಹಿಂದಕ್ಕೆ ನಡೆಯಿರಿ: ಫ್ಯೂಸ್, ಕೀಲಿಯ ಸ್ವಿಚ್, ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್. ಫ್ಯೂಸು ಕಾರಿನಲ್ಲಿರುವಂಥದೇ ಚಪ್ಪಟೆ ಫ್ಯೂಸು, ನೀಲಿಯಾದರೆ 15 ಆಂಪಿಯರ್, ಹಳದಿಯಾದರೆ 20. ಹೊಸದು ಹಾಕಿದೊಡನೆ ಮತ್ತೆ ಸುಟ್ಟರೆ ಇನ್ನೂ ದೊಡ್ಡದು ಹಾಕುವ ಜಾಣತನ ಬೇಡ. ಎಲ್ಲೋ ವೈರಿನ ಸಿಪ್ಪೆ ಸುಲಿದು ತಗಡಿಗೆ ತಾಗುತ್ತಿದೆ.

ಸಾಲೆನಾಯ್ಡಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಎಂಜಿನ್ ತಿರುಗಿಸುವುದನ್ನು ನೆರೆಯವರೊಬ್ಬರು ನನಗೆ ಕಲಿಸಲು ಬಂದರು. ಬೇಡವೆಂದೆ. ಆಗ ಬ್ರೇಕ್ ಮತ್ತು ಬ್ಲೇಡಿನ ಸ್ವಿಚ್ಚುಗಳ ಕಾವಲು ತಪ್ಪುತ್ತದೆ, ಬ್ಲೇಡು ಹಾಕಿದ್ದರೂ ಎಂಜಿನ್ ತಿರುಗುತ್ತದೆ, ಮತ್ತು ನಿಮ್ಮ ಕಾಲು ಇರುವುದು ಚಕ್ರದ ಮುಂದೆ. ಮೀಟರ್ ಹೇಳುವುದನ್ನೇ ಸ್ಕ್ರೂಡ್ರೈವರ್ ಹೇಳುವುದಾದರೆ ಮೀಟರನ್ನೇ ಕೇಳಿ.

ಬ್ಯಾಟರಿ ಖಾಲಿಯೆಂದು ಕಾರಿನಿಂದ ವೈರ್ ಎಳೆಯುವಿರಾದರೆ ಕಾರಿನ ಎಂಜಿನ್ ಆರಿಸಿರಲಿ.

ಊಂ ಎಂದು ನಿಲ್ಲುವುದು

ನನಗೆ 150 ಡಾಲರಿನ ಪಾಠ ಕಲಿಸಿದ್ದು ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವಾಗ ತಿರುಗಿಸಲು ಬಹಳ ಬಲ ಬೇಕು. ಈ ಪುಟ್ಟ ಸೆಲ್ಫ್‌ಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೆ ಎಂಜಿನ್ ಮಾಡಿದವರು ಒಂದು ಉಪಾಯ ಇಟ್ಟಿದ್ದಾರೆ: ನಿಧಾನವಾಗಿ ತಿರುಗುವಾಗ ಕ್ಯಾಮ್ ಎಂಬ, ವಾಲ್ವು ತೆರೆಯುವ ದಂಡದ ಮೇಲಿನ ಸಣ್ಣ ಉಬ್ಬೊಂದು ವಾಲ್ವನ್ನು ಕೂದಲೆಳೆಯಷ್ಟು ತೆರೆದು ಗಾಳಿಯನ್ನು ಸ್ವಲ್ಪ ಸೋರಲು ಬಿಡುತ್ತದೆ. ವೇಗ ಬಂದ ಮೇಲೆ ಉಬ್ಬು ತಾನೇ ಸರಿಯುತ್ತದೆ. ವರ್ಷಗಟ್ಟಲೆ ಓಡಿ ವಾಲ್ವಿನ ಸಂದು ದೊಡ್ಡದಾಯಿತೆನ್ನಿ, ಆ ಉಬ್ಬು ವಾಲ್ವನ್ನು ಮುಟ್ಟುವುದೇ ಇಲ್ಲ. ಗಾಳಿ ಸೋರುವುದಿಲ್ಲ. ಸೆಲ್ಫ್ ಅರ್ಧ ಸುತ್ತು ತಿರುಗಿಸಿ, ಒತ್ತಡದ ಗೋಡೆಗೆ ತಲೆ ಕೊಟ್ಟು ನಿಲ್ಲುತ್ತದೆ. ಕೇಳುವವರಿಗೆ ಬ್ಯಾಟರಿ ಸತ್ತಂತೆ ಕೇಳಿಸುತ್ತದೆ. ತಮ್ಮನ ಕಿವಿಗೆ ಹಾಗೆ ಕೇಳಿಸಲಿಲ್ಲ, ಏಕೆಂದರೆ ಬ್ಯಾಟರಿ ಸತ್ತರೆ ಎಲ್ಲೆಂದರಲ್ಲಿ ನಿಧಾನವಾಗುತ್ತದೆ. ಇದು ಪ್ರತಿ ಸಲ ಚುರುಕಾಗಿ ಹೊರಟು ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಖಚಿತಪಡಿಸಿಕೊಳ್ಳಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ರಂಧ್ರದಿಂದ ದೂರ ಸರಿಸಿ, ಲೋಹಕ್ಕೆ ಅರ್ತ್ ಮಾಡಿ ಕೀಲಿ ತಿರುಗಿಸಿ. ಪ್ಲಗ್ ಇಲ್ಲದೆ ಸೊಗಸಾಗಿ ಗಿರಗಿರ ತಿರುಗಿದರೆ ಸೆಲ್ಫ್, ಬ್ಯಾಟರಿ ಎರಡೂ ಚೆನ್ನಾಗಿವೆ. ಆದರೆ ಇದಕ್ಕೂ ಮೊದಲು ಎಂಜಿನ್ ಆಯಿಲಿನ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿ ಮುಚ್ಚಿಕೊಳ್ಳದೆ ಪೆಟ್ರೋಲು ಸಿಲಿಂಡರಿಗೆ ಇಳಿದಿದೆ. ದ್ರವವನ್ನು ಒತ್ತಲಾಗುವುದಿಲ್ಲ, ಆಗಲೂ ಎಂಜಿನ್ ಹೀಗೆಯೇ ನಿಲ್ಲುತ್ತದೆ. ಅಂಥ ಸ್ಥಿತಿಯಲ್ಲಿ ಪ್ಲಗ್ ತೆಗೆದು ಕೀಲಿ ತಿರುಗಿಸಿದರೆ ರಂಧ್ರದಿಂದ ಪೆಟ್ರೋಲ್ ಚಿಮ್ಮುತ್ತದೆ. ಕೀಲಿ ಮುಟ್ಟದೆ ಕೈಯಿಂದಲೇ ತಿರುಗಿಸಿ ಹೊರಹಾಕಿ. ಸೂಜಿ ಸರಿಮಾಡಿ ಆಯಿಲ್ ಬದಲಾಯಿಸುವವರೆಗೆ ಎಂಜಿನ್ ಓಡಿಸಬೇಡಿ.

ಟ್ಯಾಪೆಟ್ ಕೆಲಸಕ್ಕೆ ಎಂಜಿನ್ ತಣ್ಣಗಿರಬೇಕು. ಪ್ಲಗ್ ಹೊರಗೆ. ವಾಲ್ವಿನ ಮುಚ್ಚಳಕ್ಕೆ ನಾಲ್ಕು ಬೋಲ್ಟು. ಗ್ಯಾಸ್ಕೆಟ್ ಹರಿಯದಂತೆ ಮೆಲ್ಲಗೆ ಎಬ್ಬಿಸಿ. ಒಳಗೆ ಎರಡು ಸ್ಪ್ರಿಂಗು, ಎರಡು ರಾಕರು, ತಕ್ಕಡಿಯ ದಂಡದಂತೆ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಇಳಿಯುವವು. ಮೇಲಿನ ಜಾಲರಿ ಹಿಡಿದು ಎಂಜಿನ್ನನ್ನು ಕೈಯಿಂದ ತಿರುಗಿಸಿ, ಪ್ಲಗ್ಗಿನ ರಂಧ್ರದಲ್ಲಿ ಉದ್ದದ ಪ್ಲಾಸ್ಟಿಕ್ ನಳಿಕೆ ಇಳಿಬಿಟ್ಟು ಹಿಡಿದುಕೊಂಡರೆ ಪಿಸ್ಟನ್ ಏರುವುದು ಕೈಗೆ ತಿಳಿಯುತ್ತದೆ. ಎರಡೂ ವಾಲ್ವು ಮುಚ್ಚಿರುವ ಸುತ್ತಿನಲ್ಲಿ ಪಿಸ್ಟನ್ ತುತ್ತತುದಿಗೆ ಬಂದು, ಅಲ್ಲಿಂದ ಕಾಲು ಇಂಚು ಇಳಿದ ಜಾಗದಲ್ಲಿ ನಿಲ್ಲಿಸಿ. ತುತ್ತತುದಿಯಲ್ಲೇ ಅಳೆದರೆ ಆ ಗಾಳಿ ಸೋರಿಸುವ ಉಬ್ಬು ಇನ್ನೂ ಒತ್ತಿಕೊಂಡಿದ್ದು ಸುಳ್ಳು ಅಳತೆ ಸಿಗಬಹುದು. ಈ ಕಾಲು ಇಂಚನ್ನು ಮರೆತು ನಾನು ಮೊದಲ ಸಲ ಸಂಜೆಯಿಡೀ ಹಾಳು ಮಾಡಿಕೊಂಡೆ.

ಈಗ ರಾಕರಿಗೂ ವಾಲ್ವಿನ ತಲೆಗೂ ನಡುವೆ ಫೀಲರ್ ಗೇಜಿನ ಎಲೆ ತೂರಿಸಿ. ನನ್ನ ಎಂಜಿನ್ನಿನ ಕೈಪಿಡಿಯಲ್ಲಿ ಒಳಗಾಳಿಯ ವಾಲ್ವಿಗೆ 0.003ರಿಂದ 0.005 ಇಂಚು, ಹೊಗೆಯ ವಾಲ್ವಿಗೆ 0.005ರಿಂದ 0.007 ಎಂದಿದೆ. ನಿಮ್ಮದಕ್ಕೆ ನಿಮ್ಮ ಕೈಪಿಡಿಯನ್ನೇ ನೋಡಿ. ಮಾದರಿಯ ಸಂಖ್ಯೆ ಎಂಜಿನ್ನಿನ ತಗಡಿನ ಮೇಲೆಯೇ ಒತ್ತಿರುತ್ತದೆ. ನನ್ನದರಲ್ಲಿ 0.012ರ ಎಲೆ ಸಲೀಸಾಗಿ ಒಳಹೊಕ್ಕು ಹೊರಬಂತು. ನಡುವಿನ ಪುಟ್ಟ ಲಾಕ್ ಸ್ಕ್ರೂ ಸಡಿಲಿಸಿ, ನಟ್ಟನ್ನು ಬಿಗಿಯುತ್ತ ಬಂದು, ಎಲೆ ಎಳೆದಾಗ ಪುಸ್ತಕದ ಎರಡು ಹಾಳೆಯ ನಡುವಿನಿಂದ ಇನ್ನೊಂದು ಹಾಳೆ ಎಳೆದಷ್ಟು ಹಿಡಿತ ಸಿಕ್ಕಾಗ ನಿಲ್ಲಿಸಿದೆ. ಸ್ಕ್ರೂ ಬಿಗಿದು ಮತ್ತೊಮ್ಮೆ ಅಳೆಯಬೇಕು, ಬಿಗಿಯುವಾಗ ನಟ್ಟು ಕದಲುತ್ತದೆ. ಅಂದು ಪ್ಲಗ್ ಹಾಕಿ ಕೀಲಿ ತಿರುಗಿಸಿದಾಗ ಎಂಜಿನ್ ಎರಡನೇ ಸುತ್ತಿಗೇ ಹತ್ತಿತು. ಆ ಬ್ಯಾಟರಿಯ ಬಿಲ್ಲು ಇನ್ನೂ ನನ್ನ ಜೇಬಿನಲ್ಲಿತ್ತು.

ತಿರುಗುತ್ತದೆ, ಹತ್ತುವುದಿಲ್ಲ

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಇಲ್ಲದಿರುವುದು ಪೆಟ್ರೋಲೋ ಕಿಡಿಯೋ. ಯಾವುದೆಂದು ತಿಳಿಯಲು ಪ್ಲಗ್ ಬಿಚ್ಚಿ, ಹೊಸ ಪೆಟ್ರೋಲನ್ನು ಅರ್ಧ ಚಮಚೆಯಷ್ಟು ಆ ರಂಧ್ರಕ್ಕೆ ಬಿಟ್ಟು, ಪ್ಲಗ್ ಹಾಕಿ ತಿರುಗಿಸಿ. ಎರಡು ಕ್ಷಣ ಗುಡುಗುಟ್ಟಿ ಸತ್ತರೆ ಕಿಡಿ ಇದೆ, ಪೆಟ್ರೋಲ್ ಬರುತ್ತಿಲ್ಲ. ಏನೂ ಆಗದಿದ್ದರೆ ಕಿಡಿಯ ಕಡೆ ನೋಡಿ. ಅಂಗಡಿಯಲ್ಲಿ ಸಿಗುವ ಈಥರ್ ಸ್ಪ್ರೇಯನ್ನು ನಾನು ಮುಟ್ಟುವುದಿಲ್ಲ; ಹೆಚ್ಚಾದರೆ ಎಂಜಿನ್ನಿಗೆ ಪೆಟ್ಟು, ಜೊತೆಗೆ ಅದನ್ನು ಹೊಡೆಯುವಾಗ ನನ್ನ ಮುಖ ಅಲ್ಲೇ ಇರುತ್ತದೆ.

ಹಿಮ ಕರಗಿದ ಮೇಲೆ ಮೊದಲ ಸಲ ಹತ್ತದ ಮೋವರ್‌ಗಳಲ್ಲಿ ತಪ್ಪು ಸಾಮಾನ್ಯವಾಗಿ ಹಳೆಯ ಪೆಟ್ರೋಲಿನದು. ಇಲ್ಲಿನ ಬಂಕುಗಳ ಪೆಟ್ರೋಲಿನಲ್ಲಿ ಹೆಚ್ಚಾಗಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ, ಹಗುರವಾದ ಅಂಶ ಆರಿಹೋಗಿ ಉಳಿದದ್ದು ಅಂಟಾಗುತ್ತದೆ. ಒಂದೆರಡು ತಿಂಗಳಿಗೇ ಗುಣ ಕೆಡಲು ಶುರು. ಅಕ್ಟೋಬರಿನದು ಏಪ್ರಿಲ್‌ವರೆಗೆ ಉಳಿದರೆ ಹೇಳುವುದೇ ಬೇಡ. ಬಂಕಿನಲ್ಲಿ ನೂರಕ್ಕೆ ಹದಿನೈದರದು ಅಗ್ಗಕ್ಕೆ ಸಿಕ್ಕರೂ ಮೋವರಿಗೆ ಹಾಕಬೇಡಿ. ಆ ಪಂಪಿನ ಮೇಲಿನ ಚೀಟಿಯಲ್ಲೇ ಬೇಡವೆಂದು ಬರೆದಿರುತ್ತದೆ.

ಹಳೆಯದನ್ನು ಹೊರತೆಗೆದು ಹೊಸದು ಹಾಕಿಯೂ ಹತ್ತದಿದ್ದರೆ ಕೀಲಿಯನ್ನು ‘ಆನ್’ಗೆ ಮಾತ್ರ ತಂದು ಕಾರ್ಬೊರೇಟರಿನ ಅಡಿಗೆ ಕಿವಿ ಕೊಡಿ. ಅಲ್ಲೊಂದು ಪುಟ್ಟ ವಿದ್ಯುತ್ ಕವಾಟ ಇರುತ್ತದೆ, ಬೆರಳಿಟ್ಟರೂ ಗೊತ್ತಾಗುವಂತೆ ‘ಚಿಕ್’ ಎನ್ನಬೇಕು. ಎನ್ನದಿದ್ದರೆ ಅದರ ತಂತಿಗೆ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಆಮೇಲೆ ಪೆಟ್ರೋಲ್ ಪೈಪು, ಫಿಲ್ಟರ್, ಟ್ಯಾಂಕಿನ ಮುಚ್ಚಳ. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದೊಡನೆ ‘ಸುಯ್’ ಎಂದರೆ ಅದೇ ರೋಗ.

ಕಾರ್ಬೊರೇಟರ್ ಬಿಚ್ಚುವುದಕ್ಕೆ ಹೆದರಬೇಕಿಲ್ಲ. ಪೂರ್ತಿ ಕಳಚುವುದೂ ಬೇಡ, ಅಡಿಯ ಬಟ್ಟಲಷ್ಟೇ ಸಾಕು. ಪೈಪನ್ನು ಕ್ಲಿಪ್ಪಿನಿಂದ ಹಿಸುಕಿ ಪೆಟ್ರೋಲ್ ನಿಲ್ಲಿಸಿ, ಕೆಳಗೆ ಹಳೆಯ ಡಬ್ಬಿ ಇಟ್ಟು, ಬಟ್ಟಲಿನ ಬೋಲ್ಟನ್ನೋ ಆ ಕವಾಟವನ್ನೋ ಬಿಚ್ಚಿ. ಒಮ್ಮೆ ನನಗೆ ತಳದಲ್ಲಿ ಸಿಕ್ಕದ್ದು ಪೆಟ್ರೋಲೇ ಅಲ್ಲ, ಜೋನಿಬೆಲ್ಲ. ಬಣ್ಣವೂ ಅದೇ, ಎಳೆಯೂ ಅದೇ; ವಾಸನೆ ಮಾತ್ರ ಹಳೆಯ ವಾರ್ನಿಶ್. ರಬ್ಬರಿನ ರಿಂಗುಗಳನ್ನು ಪಕ್ಕಕ್ಕೆ ತೆಗೆದಿಡಿ, ಕ್ಲೀನರ್ ತಾಗಿದರೆ ಉಬ್ಬಿ ಮತ್ತೆ ಕೂರುವುದಿಲ್ಲ. ನಡುವೆ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್‌ನಲ್ಲಿ ಸಾಸಿವೆಗಿಂತ ಸಣ್ಣ ರಂಧ್ರವಿದೆ. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಕಾಣದಿದ್ದರೆ ಕ್ಲೀನರ್ ಹೊಡೆದು ನೆನೆಯಲು ಬಿಟ್ಟು, ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆಯನ್ನು ತೂರಿಸಿ. ಸೂಜಿ, ಸೇಫ್ಟಿ ಪಿನ್ನು ಬೇಡವೇ ಬೇಡ: ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರ ಹಿಗ್ಗಿದರೆ ಎಂಜಿನ್ ಜೀವನವಿಡೀ ಕಪ್ಪು ಹೊಗೆ ಬಿಡುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸ್ಪ್ರೇ ಬೇರೊಂದು ರಂಧ್ರದಿಂದ ನೇರ ಮುಖಕ್ಕೆ ಬರುತ್ತದೆ.

ಕಿಡಿಯ ಕಡೆ ಬಂದರೆ, ಮೊದಲು ಹೊಸ ಪ್ಲಗ್. ನಾಲ್ಕೈದು ಡಾಲರಿನದು, ಅಳೆಯದೆ ಕೊಳ್ಳಲು ನಾನು ಒಪ್ಪುವ ಏಕೈಕ ಸಾಮಾನು. ನನ್ನದಕ್ಕೆ ಸಂದು 0.030 ಇಂಚು. ಕಿಡಿ ಪರೀಕ್ಷಕ ಸಿಕ್ಕಿಸಿ ತಿರುಗಿಸಿದಾಗ ನೀಲಿ ಕಿಡಿ ಕಾಣದಿದ್ದರೆ ಎಂಜಿನ್ನಿನ ಮೇಲ್ಮುಚ್ಚಳ ತೆಗೆಯಬೇಕು. ಅಲ್ಲಿ ಕಿಡಿಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ ಒಂದು ತೆಳ್ಳಗಿನ ವೈರು ಬಂದು ಸೇರುತ್ತದೆ, ಎಂಜಿನ್ ಆರಿಸುವ ವೈರು. ಕೀಲಿ ಬಂದ್ ಮಾಡಿದರೆ, ಅಥವಾ ಸೀಟಿನ ಸ್ವಿಚ್ ಹೇಳಿದರೆ, ಈ ವೈರು ಅರ್ತ್ ಆಗಿ ಕಿಡಿ ನಿಲ್ಲುತ್ತದೆ. ಅದನ್ನು ತಾತ್ಕಾಲಿಕವಾಗಿ ಕಳಚಿ ಪರೀಕ್ಷಕದಲ್ಲಿ ಮತ್ತೆ ನೋಡಿ. ಈಗ ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ಯಾವುದೋ ಸ್ವಿಚ್ಚೋ ವೈರೋ ಎಲ್ಲೋ ಅರ್ತ್ ಆಗುತ್ತಿದೆ. ಪರೀಕ್ಷೆ ಮುಗಿದೊಡನೆ ಅದನ್ನು ಸಿಕ್ಕಿಸಿ. ಇಲ್ಲದಿದ್ದರೆ ಹತ್ತಿದ ಎಂಜಿನ್ನನ್ನು ಕೀಲಿಯಿಂದ ಆರಿಸಲಾಗುವುದಿಲ್ಲ, ಬಿದ್ದರೂ ಬ್ಲೇಡು ನಿಲ್ಲುವುದಿಲ್ಲ. ಕಳಚಿದ ಮೇಲೂ ಕಿಡಿ ಇಲ್ಲದಿದ್ದರೆ ಕಾಯಿಲ್ ಹೋಗಿದೆ. ಹೊಸದನ್ನು ಕೂರಿಸುವಾಗ ಅದಕ್ಕೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ ವಿಸಿಟಿಂಗ್ ಕಾರ್ಡಿನಷ್ಟು ದಪ್ಪದ ಸಂದು ಬಿಡುತ್ತಾರೆ.

ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ನನ್ನದು ಇದೇ ಪುಟಕ್ಕೆ ಬಂದು ನಿಂತಿತು. ಚೆನ್ನಾಗಿ ತಿರುಗಿತು, ಕಿಡಿ ಇರಲಿಲ್ಲ. ಮೇಲ್ಮುಚ್ಚಳ ಎತ್ತಿದರೆ ಒಳಗೆ ಇಲಿಯ ಸಂಸಾರ: ಒಣಹುಲ್ಲು, ಇನ್ಸುಲೇಷನ್ನಿನ ಗುಲಾಬಿ ಹತ್ತಿ, ನನ್ನದೇ ತೋಟದ ಕೈಗವಸಿನ ಚೂರು. ಆರಿಸುವ ವೈರಿನ ಸಿಪ್ಪೆಯನ್ನು ಅಕ್ಕಿಕಾಳಿನಷ್ಟು ಉದ್ದಕ್ಕೆ ಕಡಿದು, ತಾಮ್ರ ನೇರವಾಗಿ ಎಂಜಿನ್ನಿಗೆ ತಾಗಿ ಕೂತಿತ್ತು. ಕಾಯಿಲ್ ತರಲು ಕಾರಿನ ಕೀಲಿ ಕೈಗೆ ತೆಗೆದುಕೊಂಡಾಗಿತ್ತು. ಅಳೆಯೋಣ ಎಂದು ವೈರು ಕಳಚಿದ್ದಕ್ಕೆ 45 ಡಾಲರ್ ಉಳಿಯಿತು. ಟೇಪು ಸುತ್ತಿ, ಗೂಡನ್ನು ಕೋಲಿನಿಂದ ಪೂರ್ತಿ ತೆಗೆದೆ. ಅದು ಉಳಿದರೆ ಗಾಳಿ ಆಡದೆ ಎಂಜಿನ್ ಕಾದು ಹಾಳಾಗುತ್ತದೆ, ಹೊತ್ತಿಕೊಳ್ಳಲೂಬಹುದು.

ಪಿಸ್ಟನ್ ಒಳಗೇ ಕಚ್ಚಿಕೊಂಡಿದ್ದರೆ, ಅಥವಾ ಪ್ಲಗ್ಗಿನ ರಂಧ್ರಕ್ಕೆ ಬೆರಳು ಒತ್ತಿ ಕೈಯಿಂದ ತಿರುಗಿಸಿದಾಗ ಗಾಳಿ ಬೆರಳನ್ನು ನೂಕದಿದ್ದರೆ ನಾನು ಮೆಕ್ಯಾನಿಕ್‌ಗೆ ಕರೆ ಮಾಡುತ್ತೇನೆ. ವಸಂತದಲ್ಲಿ ಅವರ ಬಳಿ ಮೂರು ವಾರದ ಸರದಿ ಇರುತ್ತದೆ, ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತದೆ. ನೆರೆಯವರ ಮೋವರ್ ಕೇಳುವುದು ಅನಿವಾರ್ಯವಾಗುತ್ತದೆ.

ಈಗ ಅಕ್ಟೋಬರಿನ ಕೊನೆಯ ಕತ್ತರಿಕೆ ಮುಗಿದ ದಿನವೇ ಟ್ಯಾಂಕಿಗೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬೊರೇಟರಿನವರೆಗೆ ಇಳಿಯಲೆಂದು ಹತ್ತು ನಿಮಿಷ ಓಡಿಸುತ್ತೇನೆ. ಬ್ಯಾಟರಿ ಮನೆಯೊಳಗೆ ಬರುತ್ತದೆ. ಎಂಜಿನ್ ತಣಿದ ಮೇಲೆ ಗಾಳಿಯ ಜಾಲರಿಯನ್ನು ಇಲಿ ಹೊಗದಂತೆ ಬಟ್ಟೆಯಿಂದ ಮುಚ್ಚಿ ಕಟ್ಟುತ್ತೇನೆ, ಕೀಲಿಗೆ ದಾರದಲ್ಲಿ ಒಂದು ರಟ್ಟು ಕಟ್ಟಿ ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ‘ಬಟ್ಟೆ ತೆಗೆ, ಆಮೇಲೆ ತಿರುಗಿಸು.’ ಈ ಏಪ್ರಿಲ್‌ನಲ್ಲಿ ರಟ್ಟು ಓದಿ ಬಟ್ಟೆ ತೆಗೆದೆ. ಬ್ಲೇಡ್ ಗುಂಡಿ ಮೇಲೆದ್ದಿತ್ತು.